ಅಪ್‌ಡೇಟ್: ನನ್ನ ಪುಟಾಣಿ ಸಿಪಾಯಿಗಳ ಬಣ್ಣ ಕೊನೆಗೂ ನಿಂತಿತು

ಹೋದ ತಿಂಗಳು ಕೇಳಿದ್ದೆ: 28 ಮಿ.ಮೀ. ಲೋಹದ ಸಿಪಾಯಿಗಳ ಬಣ್ಣ, ಮೇಜಿನ ಮೇಲೆ ಯುದ್ಧದಾಟ ಆಡುವಾಗ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ತಪ್ಪು ಎರಡು ಕಡೆ ಇತ್ತು. ಎರಕ ಹೊಯ್ಯುವಾಗ ಅಚ್ಚಿನಿಂದ ಸಿಪಾಯಿಗಳಿಗೆ ಅಂಟಿದ ಜಿಡ್ಡನ್ನು ತೊಳೆದಿರಲಿಲ್ಲ. ಸಾಲದ್ದಕ್ಕೆ ಜಡಿಮಳೆಯ ದಿನ ಬಾಲ್ಕನಿಯಲ್ಲಿ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಕೊಡುವ ಲೇಪ) ಹೊಡೆದಿದ್ದೆ. ತೇವಕ್ಕೆ ಸಿಪಾಯಿಗಳ ಮೈಯೆಲ್ಲ ರವೆ ಉದುರಿಸಿದ ಹಾಗೆ ತರಿತರಿ!

ಹಳೆ ಬಣ್ಣ ತೆಗೆಯಲು ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ, ಹಳೆ ಟೂತ್‌ಬ್ರಶ್‌ನಿಂದ ಉಜ್ಜಿದೆ. ಪಾತ್ರೆ ಸೋಪಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಬಿಸಿಲಿದ್ದ ದಿನ ಪ್ರೈಮರ್ ಹೊಡೆದೆ. ತೆಳುವಾಗಿ ಎರಡು ಕೋಟ್ ಬಣ್ಣ, ಮೇಲೆ ವಾರ್ನಿಶ್.

ಈ ಭಾನುವಾರ ಪೊಲ್ಲಿಲೂರು ಕದನ ಆಡಿದೆವು. 1780ರ ಸೆಪ್ಟೆಂಬರ್ 10, ಹೈದರ್ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಮುರಿದ ದಿನ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ ಆ ಕದನದ ಗೋಡೆ ಚಿತ್ರ ನೋಡಿದ್ದೀರಿ ಅಲ್ವಾ? ಚೌಕಾಕಾರದಲ್ಲಿ ನಿಂತ ಕೆಂಪು ಕೋಟಿನ ಕಂಪನಿ ಸೈನಿಕರು, ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದುಗುಂಡಿನ ಬಂಡಿ. ನಾನು ಜಾಸ್ತಿ ಹೊತ್ತು ಕೂತು ಮಾಡಿದ್ದು ಆ ಬಂಡಿಯನ್ನೇ. ಹತ್ತಿಗೆ ಬೂದು, ಕಿತ್ತಳೆ ಬಣ್ಣ ಬಳಿದರೆ ಥೇಟ್ ಹೊಗೆ.

ರಾಕೆಟ್ ಹಾರಿಸಿದಾಗ ದಾಳದಲ್ಲಿ 6 ಬಿದ್ದರೆ ಬಂಡಿ ಸಿಡಿಯಬೇಕು ಅಂತ ನಮ್ಮದೇ ನಿಯಮ. ನಾಲ್ಕನೇ ಸುತ್ತಿನಲ್ಲಿ ಬಿತ್ತು. ಮೇಜಿನ ಸುತ್ತ ಇದ್ದವರೆಲ್ಲ ಕೂಗಿಬಿಟ್ಟೆವು.

ಆಟ ಮುಗಿದ ಮೇಲೆ ಒಬ್ಬೊಬ್ಬ ಸಿಪಾಯಿಯನ್ನೂ ದೀಪದ ಕೆಳಗೆ ತಿರುಗಿಸಿ ನೋಡಿದೆ. ಒಬ್ಬನ ಬಯೋನೆಟ್ ತುದಿಯಲ್ಲಿ ಮಾತ್ರ ಲೋಹ ಇಣುಕುತ್ತಿದೆ. ಇವತ್ತು ರಾತ್ರಿ ಅದನ್ನೂ ಸರಿ ಮಾಡುತ್ತೇನೆ.