ಸಿಪ್ಪೆ ವಿಡಿಯೋ ಮತ್ತು ಮನೆಮಂದಿ ಗುಂಪು

ಚಿಕ್ಕಪ್ಪ: (ಫಾರ್ವರ್ಡ್ ವಿಡಿಯೋ) ಆಲೂಗಡ್ಡೆ ಸಿಪ್ಪೆ ಎಸೀಬೇಡಿ! ಕುಂಡದಲ್ಲಿ ಹೂತರೆ 15 ದಿನಕ್ಕೆ ಬುಟ್ಟಿ ತುಂಬಾ ಆಲೂಗಡ್ಡೆ. ಮಕ್ಕಳಿಗೆ ಒಳ್ಳೇ ಸೈನ್ಸ್ ಪ್ರಾಜೆಕ್ಟ್.

ದೊಡ್ಡಮ್ಮ: ನಾಳೇನೇ ಪುಟ್ಟಿ ಕೈಲಿ ಮಾಡಿಸ್ತೀನಿ.

ಅಕ್ಕ: ತಡೀರಿ ದೊಡ್ಡಮ್ಮಾ. 15 ದಿನಕ್ಕೆ ಮೊಳಕೆ ಮಣ್ಣಿಂದ ತಲೆ ಎತ್ತಿದ್ರೇ ಪುಣ್ಯ. ಗಡ್ಡೆಗೆ ಸುಮಾರು 3 ತಿಂಗಳು ಬೇಕು.

ಚಿಕ್ಕಪ್ಪ: ಅಗೆದು ತೆಗೆಯೋದನ್ನ ಕಣ್ಣಾರೆ ತೋರಿಸಿದಾರಲ್ಲ.

ಭಾವ: ಅಂಗಡಿಯಿಂದ ತಂದು ಹೂತಿಟ್ಟಿದ್ದನ್ನ ಅಗೆಯೋಕೆ 15 ನಿಮಿಷ ಸಾಕು. ಎಲ್ಲಾ ಒಂದೇ ಸೈಜು, ತೊಳೆದಿಟ್ಟ ಹಾಗಿದೆ.

ಚಿಕ್ಕಪ್ಪ: ನಿನ್ನದು ಎಲ್ಲದರಲ್ಲೂ ಕೊಂಕು.

ಅಕ್ಕ: ಸಿಪ್ಪೆಯಿಂದ ಬರೋದೇ ಇಲ್ಲ ಅಂತ ನಾನೂ ಹೇಳಲ್ಲ. ದಪ್ಪಗೆ ಹೆರೆದು, ಕಣ್ಣಿದ್ರೆ ಚಿಗುರಬಹುದು. ಆದ್ರೆ ಎಲೆ ಬಿಡೋವರೆಗೂ ಮೊಳಕೆಗೆ ಬುತ್ತಿ ಬೇಕಲ್ಲ? ಅದಿರೋದು ತಿರುಳಿನ ಪಿಷ್ಟದಲ್ಲಿ. ತೆಳು ಸಿಪ್ಪೆ ಕೊಳೆತು ನಾರುತ್ತೆ, ಅಷ್ಟೇ. ಮೊಳಕೆ ಬಂದ ಗಡ್ಡೆ ತಗೊಂಡು, ಎರಡು ಕಣ್ಣಿರೋ ಹಾಗೆ 40-50 ಗ್ರಾಂ ತುಂಡು ಮಾಡಿ. ಕುಯ್ದ ಮುಖ ಒಂದೆರಡು ದಿನ ಒಣಗಲಿ, ಆಮೇಲೆ ನೆಡಿ. ಗಿಡ ಗೇಣುದ್ದ ಆದಾಗ ಬುಡಕ್ಕೆ ಮಣ್ಣು ಏರಿಸಿ.

ದೊಡ್ಡಮ್ಮ: ಮಣ್ಣು ಯಾಕೆ ಏರಿಸೋದು? ಬೇರು ಕೆಳಗೆ ತಾನೇ ಇಳಿಯೋದು?

ಅಕ್ಕ: ಆಲೂಗಡ್ಡೆ ಬೇರಲ್ಲ, ಕಾಂಡ.

ದೊಡ್ಡಮ್ಮ: ಮಣ್ಣೊಳಗೆ ಕಾಂಡವಾ! ಮದುವೆಯಾಗಿ ಬಂದಾಗಿಂದ ಹೆಚ್ತಾ ಇದೀನಿ ಕಣೇ.

ಅಕ್ಕ: ಆ ಕಣ್ಣು ಇದ್ಯಲ್ಲ, ಅದು ಮೊಗ್ಗು. ಕೊಂಬೆಯ ಗೆಣ್ಣಿನಲ್ಲಿ ಇರೋ ಥರದ್ದೇ. ಗೆಣಸಿಗೆ ಆ ಥರ ಕಣ್ಣಿಲ್ಲ, ಅದು ಬೇರು. ಎರಡನ್ನೂ ಪಕ್ಕಪಕ್ಕ ಇಟ್ಟು ಪುಟ್ಟಿಗೆ ತೋರ್ಸಿ, ಅರ್ಧ ಪಾಠ ಅಲ್ಲೇ ಮುಗೀತು. ಹೊಸ ಗಡ್ಡೆ ಕಟ್ಟೋದು ನೆಟ್ಟ ತುಂಡಿಗಿಂತ ಮೇಲೆ, ಕಾಂಡದಿಂದ ಅಡ್ಡಕ್ಕೆ ಹೊರಡೋ ಕುಡಿಗಳ ತುದೀಲಿ. ಬಿಸಿಲು ತಾಗಿದ್ರೆ ಹಸಿರಾಗುತ್ತೆ, ಅದಕ್ಕೇ ಮಣ್ಣು.

ಚಿಕ್ಕಪ್ಪ: ಹಸಿರು ಒಳ್ಳೇದಲ್ವಾ? ಕ್ಲೋರೋಫಿಲ್.

ಅಕ್ಕ: ಕ್ಲೋರೋಫಿಲ್ ಏನೂ ಮಾಡಲ್ಲ. ಜತೆಗೆ ಸೋಲನಿನ್ ಹೆಚ್ಚುತ್ತಲ್ಲ, ಅದು ವಿಷ, ಬೇಯಿಸಿದ್ರೂ ಹೋಗಲ್ಲ. ಗಿಡದಲ್ಲಿ ಟೊಮೇಟೊ ಥರ ಪುಟ್ಟ ಕಾಯಿ ಬಿಟ್ರೆ ಅದನ್ನೂ ಮಕ್ಕಳು ಬಾಯಿಗೆ ಹಾಕ್ಬಾರ್ದು. ವಿಡಿಯೋದಲ್ಲಿ ಇದರ ಸುದ್ದಿಯೇ ಇಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಭಾವ: ಹೋದ್ಸಲ ಕಾಳು ಬಿತ್ತಿ ದಿನಾ ಅಗೆದು ನೋಡಿದವಳು 3 ತಿಂಗಳು ಕಾಯ್ತಾಳಾ?

ಅಕ್ಕ: ಕಾಯದಿದ್ರೆ ಶೂ ಡಬ್ಬಿ. ಒಂದು ತುದೀಲಿ ಮೊಳೆತ ಆಲೂಗಡ್ಡೆ, ಇನ್ನೊಂದು ತುದೀಲಿ ತೂತು, ನಡುವೆ ರಟ್ಟಿನ ಅಡ್ಡಗೋಡೆ. ಬಿಳಿ ಮೊಳಕೆ ಗೋಡೆ ಬಳಸ್ಕೊಂಡು ಬೆಳಕಿನ ಕಡೆಗೇ ಹೋಗುತ್ತೆ. ಇಣುಕಿದಷ್ಟೂ ಖುಷಿ, ಅಗೆಯೋಕೇನೂ ಇಲ್ಲ.

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಮ್ಮ: ಯಾಕೋ ಅಳಿಸಿದೆ? ನಾನಾಗ್ಲೇ ಇನ್ನೂ ಮೂರು ಗುಂಪಿಗೆ ಕಳಿಸಿಬಿಟ್ಟೆ.