ಕಾಲೇಜು ವಿದ್ಯಾರ್ಥಿಗಳು ಹೊಸ ಇಂಡೀ ಸಂಗೀತವನ್ನು ಹುಡುಕುವುದು, ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ಮಂದ್ರಸ್ಥಾಯಿ

ಎಲ್ಲರಿಗೂ ನಮಸ್ಕಾರ. ನಾನು ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ದೊಡ್ಡ ಸಂಗೀತ ಕಂಪನಿಗಳ ಆಸರೆಯಿಲ್ಲದೆ, ತಾವೇ ಹಾಡು ಕಟ್ಟಿ, ಎಷ್ಟೋ ಸಲ ಮನೆಯ ಕೋಣೆಯಲ್ಲೇ ಧ್ವನಿಮುದ್ರಿಸಿ, ಸ್ವಂತವಾಗಿಯೋ ಸಣ್ಣ ಲೇಬಲ್ಲೊಂದರ (ಧ್ವನಿಮುದ್ರಿಕೆ ಹೊರತರುವ ಸಂಸ್ಥೆಯ) ಮೂಲಕವೋ ಬಿಡುಗಡೆ ಮಾಡುವ ಕಲಾವಿದರ ಸಂಗೀತದ ಕಡೆಗೆ ಇತ್ತೀಚೆಗೆ ನನ್ನ ಒಲವು ಬೆಳೆದಿದೆ. ಆದರೆ ಅಂಥ ಸಂಗೀತವನ್ನು ಹುಡುಕುವ ದಾರಿ ಸರಿಯಾಗಿ ತಿಳಿಯುತ್ತಿಲ್ಲ. ನಾನು ಬಳಸುವ ಸ್ಟ್ರೀಮಿಂಗ್ ಆ್ಯಪ್ ವಾರವಾರವೂ ಸೂಚಿಸುವ ಹಾಡುಗಳಲ್ಲಿ ಅದೇ ಲಯ, ಅದೇ ಗಿಟಾರ್, ಅದೇ ಬಗೆಯ ಕಂಠ. ಕಲಾವಿದರ ಹೆಸರು ಮಾತ್ರ ಬೇರೆ.

ಇನ್ನೊಂದು ತೊಡಕು ಹಂಚಿಕೊಳ್ಳುವುದರಲ್ಲಿದೆ. ತುಂಬ ಮೆಚ್ಚಿದ ಹಾಡೊಂದರ ಲಿಂಕನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದರೆ ಒಂದೆರಡು ಹೆಬ್ಬೆರಳಿನ ಗುರುತುಗಳು ಬರುತ್ತವೆಯೇ ಹೊರತು, ಯಾರೂ ಅದನ್ನು ಕೇಳಿದ ಕುರುಹು ಕಾಣುವುದಿಲ್ಲ. ಓದಿನ ನಡುವೆ ಸಿಗುವ ಸಮಯ ಕಡಿಮೆ, ಖರ್ಚು ಮಾಡಲು ಕೈಯಲ್ಲಿರುವ ಹಣವೂ ಕಡಿಮೆ. ಈ ಮಿತಿಯೊಳಗೆ ನೀವು ಹೊಸ ಸಂಗೀತವನ್ನು ಹೇಗೆ ಹುಡುಕುತ್ತೀರಿ, ಸ್ನೇಹಿತರಿಗೆ ಹೇಗೆ ತಲುಪಿಸುತ್ತೀರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಪಕ್ಕವಾದ್ಯ

ಮಂದ್ರಸ್ಥಾಯಿ ಅವರೇ, ಹಾಡುಗಳ ಬೆನ್ನು ಹತ್ತುವ ಬದಲು ಒಳ್ಳೆಯ ಕಿವಿಯುಳ್ಳ ಕೇಳುಗರ ಬೆನ್ನು ಹತ್ತಿ ನೋಡಿ. ಇದಕ್ಕೆ ಬ್ಯಾಂಡ್‌ಕ್ಯಾಂಪ್‌ಗಿಂತ ಅನುಕೂಲವಾದ ತಾಣವನ್ನು ನಾನು ಕಂಡಿಲ್ಲ. 2008ರಲ್ಲಿ ಆರಂಭವಾದ ಈ ತಾಣದಲ್ಲಿ ಕಲಾವಿದರು ತಮ್ಮ ಆಲ್ಬಮ್‌ಗಳನ್ನು ನೇರವಾಗಿ ಕೇಳುಗರಿಗೆ ಮಾರುತ್ತಾರೆ. ಹೆಚ್ಚಿನ ಆಲ್ಬಮ್‌ಗಳನ್ನು ಕೊಳ್ಳುವ ಮೊದಲೇ ಪೂರ್ತಿಯಾಗಿ ಕೇಳಬಹುದಾದ್ದರಿಂದ, ಹಣ ಕಡಿಮೆಯಿರುವ ವಿದ್ಯಾರ್ಥಿಗೆ ಇಲ್ಲಿ ಅಡ್ಡಿಯೇನಿಲ್ಲ.

ನಾನು ಅನುಸರಿಸುವ ಕ್ರಮವನ್ನು ವಿವರಿಸುತ್ತೇನೆ. ನಿಮಗೆ ಈಗಾಗಲೇ ಇಷ್ಟವಾಗಿರುವ, ಆದರೆ ಹೆಚ್ಚು ಜನರಿಗೆ ಗೊತ್ತಿಲ್ಲದ ಆಲ್ಬಮ್ಮೊಂದರ ಪುಟವನ್ನು ತೆರೆಯಿರಿ. ಅದನ್ನು ಕೊಂಡವರ ಪುಟ್ಟ ಚಿತ್ರಗಳು ಅಲ್ಲಿ ಸಾಲಾಗಿ ಕಾಣುತ್ತವೆ, ಕೆಲವರು ತಮಗೆ ಹಿಡಿಸಿದ ಹಾಡು ಯಾವುದು, ಏಕೆ ಎಂದು ಒಂದೆರಡು ಸಾಲು ಬರೆದೂ ಇರುತ್ತಾರೆ. ಆ ಸಾಲುಗಳನ್ನು ನಿಧಾನವಾಗಿ ಓದಿ. ‘ತುಂಬ ಚೆನ್ನಾಗಿದೆ’ ಎಂದಷ್ಟೇ ಬರೆದವರನ್ನು ಬಿಟ್ಟು, ಹಾಡಿನ ಯಾವುದೋ ಒಂದು ತಿರುವನ್ನು, ವಾದ್ಯವೊಂದು ಒಳಗೆ ಬರುವ ಬಗೆಯನ್ನು ಗಮನಿಸಿ ಬರೆದವರ ಚಿತ್ರದ ಮೇಲೆ ಒತ್ತಿದರೆ, ಅವರು ಕೊಂಡಿರುವ ಎಲ್ಲ ಆಲ್ಬಮ್‌ಗಳ ಸಂಗ್ರಹ ತೆರೆದುಕೊಳ್ಳುತ್ತದೆ. ಒಂದೊಂದು ಆಲ್ಬಮ್ಮಿನ ಕೆಳಗೂ ಅದು ಇನ್ನೆಷ್ಟು ಜನರ ಸಂಗ್ರಹದಲ್ಲಿದೆ ಎಂಬ ಸಂಖ್ಯೆಯಿರುತ್ತದೆ. ಸಾವಿರಾರು ಜನರ ಬಳಿ ಇರುವುದು ಹೇಗೂ ಒಂದಲ್ಲ ಒಂದು ದಿನ ನಿಮ್ಮ ಕಿವಿಗೆ ಬೀಳುತ್ತದೆ. ಹತ್ತಿಪ್ಪತ್ತು ಜನರ ಬಳಿ ಮಾತ್ರ ಇರುವುದನ್ನು ಮೊದಲು ಕೇಳಿ. ತನ್ನ ಹಣ ಕೊಟ್ಟು ಕೊಂಡ ವ್ಯಕ್ತಿಯ ಆಯ್ಕೆ ಅದು, ಆದ್ದರಿಂದ ಅದಕ್ಕೊಂದು ತೂಕವಿದೆ. ಹಾಗೆ ರುಚಿ ಹೊಂದುವ ಮೂರು ನಾಲ್ಕು ಜನ ಸಿಕ್ಕರೆ ಅವರನ್ನು ಫಾಲೋ ಮಾಡಿ, ಅವರು ಹೊಸದೇನನ್ನು ಕೊಂಡರೂ ನಿಮಗೆ ತಿಳಿಯುತ್ತದೆ.

ಆಲ್ಬಮ್ಮಿನ ಪುಟದ ಕೊನೆಯಲ್ಲಿರುವ ಕ್ರೆಡಿಟ್‌ಗಳನ್ನೂ ತಪ್ಪದೆ ನೋಡಿ. ಧ್ವನಿಮುದ್ರಣ ಮಾಡಿದವರು, ಮಿಕ್ಸಿಂಗ್ ಮಾಡಿದವರು, ಒಂದೇ ಹಾಡಿಗೆ ಪಿಟೀಲು ನುಡಿಸಿ ಹೋದವರು, ಇವರೆಲ್ಲ ಬೇರೆ ಕಡೆಯೂ ಕೆಲಸ ಮಾಡಿರುತ್ತಾರೆ. 2000ದಿಂದ ನಡೆಯುತ್ತಿರುವ ಡಿಸ್ಕಾಗ್ಸ್ ತಾಣದಲ್ಲಿ ಅಂಥ ಒಂದು ಹೆಸರನ್ನು ಹುಡುಕಿದರೆ ಅವರು ಭಾಗವಹಿಸಿದ ಧ್ವನಿಮುದ್ರಿಕೆಗಳ ಪಟ್ಟಿಯೇ ಸಿಗುತ್ತದೆ. ಸಣ್ಣ ಲೇಬಲ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಇಬ್ಬರೋ ಮೂವರೋ ಸೇರಿ ನಡೆಸುವ ಲೇಬಲ್ಲಿನ ಹಿಂದೆ ಒಂದು ಖಚಿತವಾದ ಅಭಿರುಚಿ ಇರುತ್ತದೆ, ಅವರ ಒಂದು ಆಲ್ಬಮ್ ಹಿಡಿಸಿದರೆ ಉಳಿದವನ್ನೂ ಕೇಳಿ ನೋಡುವುದು ಲೇಸು.

ಉತ್ತರ: ಲಯವಿನ್ಯಾಸ

ಪಕ್ಕವಾದ್ಯ ಅವರ ಮಾತನ್ನು ಒಪ್ಪುತ್ತೇನೆ. ಆದರೂ ಶಿಫಾರಸುಗಳನ್ನು ಪೂರ್ತಿ ಬಿಟ್ಟುಬಿಡುವುದಕ್ಕಿಂತ, ಅವು ಹೇಗೆ ಕೆಲಸ ಮಾಡುತ್ತವೆಂದು ತಿಳಿದು ಬಳಸುವುದು ಒಳ್ಳೆಯದು. ಸ್ಪಾಟಿಫೈ 2015ರಲ್ಲಿ ಆರಂಭಿಸಿದ, ಪ್ರತಿ ಸೋಮವಾರ ಹೊಸದಾಗುವ ಡಿಸ್ಕವರ್ ವೀಕ್ಲಿ ಎಂಬ ಶಿಫಾರಸು ಪಟ್ಟಿಯ ಹಿಂದಿರುವ ಮುಖ್ಯ ತತ್ವ ಸರಳವಾದದ್ದು. ಅನೇಕ ಕೇಳುಗರು ತಮ್ಮ ಪ್ಲೇಲಿಸ್ಟ್‌ಗಳಲ್ಲಿ ಎರಡು ಹಾಡುಗಳನ್ನು ಜೊತೆಯಾಗಿ ಇಟ್ಟಿದ್ದರೆ ಅವುಗಳ ನಡುವೆ ನಂಟಿದೆ ಎಂದು ಯಂತ್ರ ತಿಳಿಯುತ್ತದೆ. ನಿಮಗೆ ಒಂದು ಹಿಡಿಸಿದ್ದರೆ ಇನ್ನೊಂದನ್ನು ಮುಂದಿಡುತ್ತದೆ. ಹಾಗಾಗಿ ಇನ್ನೂ ಯಾರ ಪ್ಲೇಲಿಸ್ಟಿಗೂ ಸೇರದ ಹೊಸ ಕಲಾವಿದನನ್ನು ಈ ವಿಧಾನ ಕಂಡುಹಿಡಿಯುವುದು ಕಷ್ಟ. ಈಗಾಗಲೇ ಸ್ವಲ್ಪ ಹೆಸರು ಮಾಡಿರುವ, ಆದರೆ ನಿಮಗಿನ್ನೂ ಪರಿಚಯವಿಲ್ಲದ ಕಲಾವಿದರನ್ನು ತಲುಪಲು ಮಾತ್ರ ಅದು ನಿಜಕ್ಕೂ ನೆರವಾಗುತ್ತದೆ.

ಓದುವಾಗ ಹಿನ್ನೆಲೆಯಲ್ಲಿ ಹಾಕಿಕೊಳ್ಳುವ ವಾದ್ಯಸಂಗೀತ, ನಿದ್ದೆಗೆಂದು ಕೇಳುವ ಮಳೆಯ ಸದ್ದು, ಇವೆಲ್ಲವೂ ನಿಮ್ಮ ಅಭಿರುಚಿಯ ಲೆಕ್ಕಕ್ಕೆ ಸೇರಿ ಶಿಫಾರಸನ್ನು ಮಸುಕಾಗಿಸುತ್ತವೆ. ಅಂಥ ಪ್ಲೇಲಿಸ್ಟ್‌ಗಳನ್ನು ಅಭಿರುಚಿಯ ಲೆಕ್ಕದಿಂದ ಹೊರಗಿಡುವ ಆಯ್ಕೆ ಸ್ಪಾಟಿಫೈನಲ್ಲಿದೆ. ಪ್ಲೇಲಿಸ್ಟಿನ ಮೂರು ಚುಕ್ಕೆಗಳನ್ನು ಒತ್ತಿದರೆ ಅದು ಕಾಣುತ್ತದೆ. ಆ ಬಳಿಕ ಒಂದೇ ಭಾವದ ಐದಾರು ಅಪರೂಪದ ಹಾಡುಗಳನ್ನು ಆರಿಸಿ ಪುಟ್ಟ ಪ್ಲೇಲಿಸ್ಟೊಂದನ್ನು ಮಾಡಿ, ಅದರ ಕೆಳಗೆ ಬರುವ ಶಿಫಾರಸುಗಳನ್ನು ಕೇಳಿ. ನೂರಾರು ಹಾಡುಗಳ ಕಲಸಿದ ಪಟ್ಟಿಗಿಂತ ಇದರಿಂದ ಸಿಗುವ ಫಲ ಎಷ್ಟೋ ಮೇಲು.

ಉತ್ತರ: ತರಂಗಾಂತರ

ನಾನು ಬೇರೆ ಮಾತು ಹೇಳುತ್ತೇನೆ. ನಿಮಗೆ ಹಿಡಿಸುವುದನ್ನೇ ಕೊಡುವ ವ್ಯವಸ್ಥೆಯನ್ನು ಎಷ್ಟು ತಿದ್ದಿದರೂ, ನಿಮಗೆ ಹಿಡಿಸುತ್ತದೆಂದು ನೀವೇ ಊಹಿಸಿರದ ಸಂಗೀತವನ್ನು ಅದು ಮುಂದಿಡುವುದು ಅಪರೂಪ. ಆ ಕೆಲಸವನ್ನು ಮಾಡುವವರು ರೇಡಿಯೋ ನಿರೂಪಕರು. ಜಾನ್ ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಬಿಬಿಸಿ ರೇಡಿಯೋ 1ರಲ್ಲಿ ಇದನ್ನೇ ಮಾಡಿದರು. ಪಂಕ್, ರೆಗ್ಗೆ, ಎಲೆಕ್ಟ್ರಾನಿಕ್ ಎಲ್ಲವನ್ನೂ ಒಂದೇ ಕಾರ್ಯಕ್ರಮದಲ್ಲಿ ಒಂದರ ಪಕ್ಕದಲ್ಲಿ ಒಂದಿಟ್ಟು ಕೇಳಿಸಿದರು.

ವಿದ್ಯಾರ್ಥಿಗಳಿಗೆ ಇದರಲ್ಲಿ ದೊಡ್ಡ ಪರಂಪರೆಯೇ ಇದೆ. ಇಂದು ಯೂಟ್ಯೂಬಿನಲ್ಲಿ ನಾವೆಲ್ಲ ನೋಡುವ ಕೆಇಎಕ್ಸ್‌ಪಿ ಲೈವ್ ಸೆಷನ್‌ಗಳ ಮೂಲ, 1972ರಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಕೆಸಿಎಂಯು ಎಂಬ ಸಣ್ಣ ರೇಡಿಯೋ ಕೇಂದ್ರ. 2001ರಲ್ಲಿ ಅದರ ಹೆಸರು ಬದಲಾಯಿತು. ಬ್ರೂಸ್ ಪ್ಯಾವಿಟ್ ಎಂಬ ವಿದ್ಯಾರ್ಥಿ 1980ರ ಹೊತ್ತಿಗೆ ಒಲಿಂಪಿಯಾ ಪಟ್ಟಣದ ಎವರ್‌ಗ್ರೀನ್ ಸ್ಟೇಟ್ ಕಾಲೇಜಿನಲ್ಲಿ ಓದುತ್ತಿದ್ದಾಗ, ಸಣ್ಣ ಸಣ್ಣ ಊರುಗಳ ಸ್ವತಂತ್ರ ಬ್ಯಾಂಡ್‌ಗಳನ್ನು ಪರಿಚಯಿಸುವ ಕೈಪತ್ರಿಕೆಯೊಂದನ್ನು ಹೊರತಂದರು. ಅದರ ಕೆಲವು ಸಂಚಿಕೆಗಳು ಕಾಗದದ ಬದಲು ಕ್ಯಾಸೆಟ್ ರೂಪದಲ್ಲೇ ಬಂದವು. ಮುಂದೆ ಅವರು ಕೆಸಿಎಂಯುವಿನಲ್ಲಿ ಕಾರ್ಯಕ್ರಮ ನಡೆಸಿದರು. ಅದೇ ಕೇಂದ್ರದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಜೊನಾಥನ್ ಪೋನ್‌ಮನ್ ಜೊತೆ ಸೇರಿ, ಮುಂದೆ ನಿರ್ವಾಣ ಬ್ಯಾಂಡಿನ ಮೊದಲ ಆಲ್ಬಮ್ ಹೊರತಂದ ಸಬ್ ಪಾಪ್ ಲೇಬಲ್ಲನ್ನು ಬೆಳೆಸಿದರು. ತಾನು ಮೆಚ್ಚಿದ್ದನ್ನು ಇತರರಿಗೂ ಕೇಳಿಸಬೇಕೆಂಬ ವಿದ್ಯಾರ್ಥಿಯೊಬ್ಬನ ತುಡಿತ ಎಷ್ಟು ದೂರ ಹೋಗಬಹುದೆಂಬುದಕ್ಕೆ ನನಗೆ ಇದಕ್ಕಿಂತ ಪ್ರಿಯವಾದ ಉದಾಹರಣೆ ಇಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಕೆಇಎಕ್ಸ್‌ಪಿಯಲ್ಲಾಗಲಿ, 2011ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಎನ್‌ಟಿಎಸ್ ಎಂಬ ಆನ್‌ಲೈನ್ ರೇಡಿಯೋದಲ್ಲಾಗಲಿ ಒಬ್ಬ ನಿರೂಪಕರನ್ನು ಆರಿಸಿಕೊಂಡು, ವಾರಕ್ಕೊಂದು ಗಂಟೆ ಅವರ ಕಾರ್ಯಕ್ರಮವನ್ನು ಹಾಡುಗಳನ್ನು ದಾಟಿಸದೆ ಕೇಳಿ. ಪ್ರಸಾರವಾದ ಹಾಡುಗಳ ಪಟ್ಟಿಯನ್ನು ಇವೆರಡೂ ತಮ್ಮ ತಾಣದಲ್ಲಿ ಪ್ರಕಟಿಸುತ್ತವೆ. ಮೊದಲ ಸಲಕ್ಕೆ ಒಗ್ಗದ ಹಾಡನ್ನೂ ಕೊನೆಯವರೆಗೆ ಕೇಳುವ ಅಭ್ಯಾಸ ಇಲ್ಲಿ ಬೆಳೆಯುತ್ತದೆ, ಅಭಿರುಚಿ ಹಿಗ್ಗುವುದು ಹಾಗೆಯೇ.

ಉತ್ತರ: ಒಂಟಿತಂತಿ

ನಾನು ಸಣ್ಣ ಮಟ್ಟದಲ್ಲಿ ಹಾಡು ಬರೆದು ಬಿಡುಗಡೆ ಮಾಡುವವಳು, ಹಾಗಾಗಿ ಹಂಚಿಕೆಯ ಬಗ್ಗೆ ಆ ಬದಿಯಿಂದ ಹೇಳುತ್ತೇನೆ. ಒಬ್ಬ ಕೇಳುಗನಿಂದ ಏನಾದೀತು ಎಂದು ಯಾರೂ ಭಾವಿಸಬಾರದು. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ರಾಯಧನವೇ ಹುಟ್ಟುವುದಿಲ್ಲ. 30 ಸೆಕೆಂಡಿಗೂ ಮುಂಚೆ ಹಾಡನ್ನು ಬದಲಿಸಿದರೆ ಅದು ಒಂದು ಕೇಳಿಕೆಯಾಗಿ ಎಣಿಕೆಗೆ ಬರುವುದೂ ಇಲ್ಲ. ನಿಮ್ಮ ಕಾಲೇಜಿನ ಹತ್ತು ಜನ ಒಬ್ಬ ಹೊಸ ಕಲಾವಿದನ ಹಾಡನ್ನು ಮನಸಾರೆ ಪದೇ ಪದೇ ಕೇಳಿದರೆ ಆ ಗಡಿ ಎಷ್ಟು ಹತ್ತಿರವಾಗುತ್ತದೆಂದು ಯೋಚಿಸಿ.

ಕೈಯಲ್ಲಿ ಸ್ವಲ್ಪ ಹಣವಿದ್ದಾಗ ಒಂದು ಆಲ್ಬಮ್ ಕೊಳ್ಳಿ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 15ರಷ್ಟನ್ನು ಮಾತ್ರ ತನ್ನ ಪಾಲಾಗಿ ಇಟ್ಟುಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಎಂಬ ಆಯ್ದ ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತದೆ. ಬೆಲೆಯನ್ನು ಕೇಳುಗರಿಗೇ ಬಿಟ್ಟಿರುವ ಆಲ್ಬಮ್‌ಗಳೂ ಅನೇಕವಿವೆ. ಏನೂ ಕೊಡಲಾಗದ ತಿಂಗಳಲ್ಲಿ ಕಲಾವಿದರಿಗೆ ನಾಲ್ಕು ಸಾಲು ಬರೆಯಿರಿ. ಹಾಡಿನ ಯಾವ ಭಾಗ ನಿಮ್ಮನ್ನು ತಟ್ಟಿತೆಂದು ಹೇಳಿ ಬಂದ ಸಂದೇಶಗಳನ್ನು ನಾನು ಮತ್ತೆ ಮತ್ತೆ ಓದುತ್ತೇನೆ, ಮುಂದಿನ ಹಾಡಿಗೆ ಕೂರುವ ಧೈರ್ಯ ಅವುಗಳಿಂದ ಬರುತ್ತದೆ. ಎಂಪಿ3 ಕಡತವನ್ನು ಮಾತ್ರ ಗುಂಪುಗಳಲ್ಲಿ ಹಂಚಬೇಡಿ, ಕಲಾವಿದರ ಪುಟದ ಲಿಂಕನ್ನೇ ಕಳುಹಿಸಿ.

ಮಂದ್ರಸ್ಥಾಯಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕೊಂಡವರ ಸಂಗ್ರಹಗಳನ್ನು ಈ ಸಂಜೆಯೇ ನೋಡಲಾರಂಭಿಸಿದೆ, ಆಗಲೇ ಎರಡು ಲೇಬಲ್‌ಗಳ ಹೆಸರನ್ನು ಬರೆದಿಟ್ಟುಕೊಂಡಿದ್ದೇನೆ. ಸ್ನೇಹಿತರ ವಿಷಯದಲ್ಲಿ ಇನ್ನೊಂದು ಮಾತು ಕೇಳಬೇಕಿದೆ. ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಆ್ಯಪ್ ಬಳಸುತ್ತಾರೆ, ಒಬ್ಬರು ಕಳುಹಿಸಿದ ಲಿಂಕ್ ಇನ್ನೊಬ್ಬರಲ್ಲಿ ತೆರೆಯುವುದಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಕೇಳುವ ಏರ್ಪಾಡು ಮಾಡಬಹುದೇ? ಯಾರಾದರೂ ಹಾಗೆ ನಡೆಸಿದ್ದೀರಾ?

ಉತ್ತರ: ಪಕ್ಕವಾದ್ಯ

ಲಿಂಕಿನ ತೊಡಕಿಗೆ ಪರಿಹಾರ ಸುಲಭ. ಸಾಂಗ್‌ಲಿಂಕ್ ಎಂಬ ಉಚಿತ ಸೇವೆಯಲ್ಲಿ ಹಾಡಿನ ಒಂದು ಲಿಂಕ್ ಕೊಟ್ಟರೆ, ಆ ಹಾಡು ಲಭ್ಯವಿರುವ ಬೇರೆ ಬೇರೆ ಆ್ಯಪ್‌ಗಳ ಲಿಂಕ್‌ಗಳೆಲ್ಲ ಒಂದೇ ಪುಟದಲ್ಲಿ ಸಿಗುತ್ತವೆ. ಆದರೆ ಐವತ್ತು ಜನರ ಗುಂಪಿಗೆ ಲಿಂಕ್ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು, ಅವರಿಗೆ ಮಾತ್ರ, ಕಾರಣ ಬರೆದು ಕಳುಹಿಸಿ. ‘ಇದನ್ನು ಕೇಳು’ ಎನ್ನುವುದಕ್ಕಿಂತ ‘ಎರಡನೆಯ ಚರಣದ ಹೊತ್ತಿಗೆ ಡ್ರಮ್ ಪೂರ್ತಿ ನಿಂತು, ಅವಳ ದನಿಯೊಂದೇ ಉಳಿಯುತ್ತದೆ, ನೀನು ಕೊಳಲು ನುಡಿಸುವವನಾದ್ದರಿಂದ ಆಮೇಲೆ ಅಲ್ಲಿ ಏನು ಬರುತ್ತದೆಂದು ಕೇಳಿ ಹೇಳು’ ಎಂದು ಬರೆದರೆ, ಆ ಸ್ನೇಹಿತ ಕನಿಷ್ಠ ಅಲ್ಲಿಯವರೆಗೆ ಕೇಳಿಯೇ ಕೇಳುತ್ತಾನೆ.

ಒಟ್ಟಿಗೆ ಕೇಳುವ ಕೂಟವನ್ನು ಖಂಡಿತ ಆರಂಭಿಸಿ, ನಮ್ಮ ಕಾಲೇಜಿನಲ್ಲಿ ನಾವು ನಡೆಸುತ್ತಿದ್ದೆವು. ಒಂದು ಗಂಟೆಗೆ ಎಂಟು ಜನಕ್ಕಿಂತ ಹೆಚ್ಚು ಬೇಡ. ಪ್ರತಿಯೊಬ್ಬರೂ ಒಂದೇ ಹಾಡನ್ನು ತರಬೇಕು, ಅದು ಪೂರ್ತಿ ಮುಗಿಯುವವರೆಗೆ ಕಲಾವಿದರ ಹೆಸರನ್ನಾಗಲಿ ಸಂಗೀತದ ಪ್ರಕಾರವನ್ನಾಗಲಿ ಹೇಳಬಾರದು. ಹೆಸರು ತಿಳಿದೊಡನೆ ಜನ ಕೇಳುವುದನ್ನು ಬಿಟ್ಟು ತೀರ್ಪು ಕೊಡಲು ಶುರುಮಾಡುತ್ತಾರೆ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ, ಆದ್ದರಿಂದ ಯಾರಲ್ಲಾದರೂ ಒಳ್ಳೆಯ ಸ್ಪೀಕರ್ ಇದ್ದರೆ ಅದನ್ನೇ ತರಿಸಿ. ಹಾಡು ಮುಗಿದ ಮೇಲೆ ತಂದವರು ಅದು ತಮಗೆ ಎಲ್ಲಿ, ಯಾರಿಂದ ಸಿಕ್ಕಿತೆಂದು ಹೇಳಲಿ. ಕಲಾವಿದರ ಹೆಸರು, ಲೇಬಲ್, ಸಿಕ್ಕಿದ ದಾರಿ ಮತ್ತು ಲಿಂಕನ್ನು ಎಲ್ಲರೂ ನೋಡಬಹುದಾದ ಒಂದು ಕಡತದಲ್ಲಿ ಬರೆದಿಡಿ. ಸಿಕ್ಕಿದ ದಾರಿಯ ಟಿಪ್ಪಣಿಯನ್ನು ಮಾತ್ರ ಬಿಡಬೇಡಿ, ಮುಂದಿನ ವಾರ ಉಳಿದವರು ಹುಡುಕಾಟ ಆರಂಭಿಸುವುದು ಅಲ್ಲಿಂದಲೇ.

ಮೊದಲ ಸಲ ಇಬ್ಬರೇ ಬಂದರೂ ನಡೆಸಿ. ಪಟ್ಟಿ ತಯಾರಾದ ಮೇಲೆ ಇಲ್ಲಿಯೂ ಹಾಕಿ, ನಾವೂ ಕೇಳುತ್ತೇವೆ.