ಅಪ್‌ಡೇಟ್: ಸ್ವಿಫ್ಟ್ ಮುಂದಿನ ಬ್ರೇಕ್ ಪ್ಯಾಡ್, ಅಗ್ಗದ್ದೋ ಒರಿಜಿನಲ್ಲೋ?

ಸ್ವಿಫ್ಟ್‌ನ ಮುಂದಿನ ಚಕ್ರಕ್ಕೆ ಅಗ್ಗದ ಪ್ಯಾಡ್ ಸಾಕಾ, ಕಂಪನಿಯದ್ದೇ ಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಒರಿಜಿನಲ್ಲೇ ಹಾಕಿಸಿದೆ.

ಎರಡನ್ನೂ ಕೌಂಟರ್ ಮೇಲೆ ಪಕ್ಕಪಕ್ಕ ಇಟ್ಟಾಗಲೇ ತೀರ್ಮಾನವಾಯ್ತು. ಹೆಸರಿಲ್ಲದ ಸೆಟ್‌ನಲ್ಲಿ ಶಿಮ್ (ಶಬ್ದ ತಡೆಯಲು ಪ್ಯಾಡಿನ ಬೆನ್ನಿಗಿರುವ ತೆಳು ಪದರ) ಇಲ್ಲ, ಸವೆದಾಗ ಕೀಂಯ್ ಅಂತ ಎಚ್ಚರಿಸುವ ತಗಡಿನ ಪಟ್ಟಿಯೂ ಇಲ್ಲ. ಹಿಂಬದಿ ಪ್ಲೇಟಿನ ಕಿವಿಗಳ ಮೇಲೆ ಬಣ್ಣ ದಪ್ಪಗೆ ಮೆತ್ತಿತ್ತು. ಆ ಕಿವಿ ಪ್ಯಾಡ್ ಕೂರುವ ಬ್ರಾಕೆಟ್‌ನಲ್ಲಿ ಬಿಗಿಯಾದರೆ ಪೆಡಲ್ ಬಿಟ್ಟರೂ ಪ್ಯಾಡ್ ಹಿಂದೆ ಸರಿಯಲ್ಲ. ಡಿಸ್ಕ್ ಬಿಸಿಯಾಗುತ್ತೆ, ಮೈಲೇಜ್ ಇಳಿಯುತ್ತೆ, ಒಂದೇ ಪ್ಯಾಡ್ ಬೇಗ ಸವೆಯುತ್ತೆ. ಕಳಪೆ ಲೈನಿಂಗ್ (ಡಿಸ್ಕಿಗೆ ಉಜ್ಜುವ ಪದರ) ಬಿಸಿಯಾದಾಗ ಹಿಡಿತವನ್ನೇ ಬಿಡುತ್ತೆ. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವವರು ಇದನ್ನು ಹಗುರವಾಗಿ ತಗೋಬೇಡಿ. ಬಜೆಟ್ ಬಿಗಿಯಿದ್ದರೆ ಬಾಷ್, ಬ್ರೆಂಬೊದಂಥ ಹೆಸರಿರುವ ಕಂಪನಿಯ ಪ್ಯಾಡ್ ನೋಡಿ.

ಫಿಟ್ಟಿಂಗ್ ಕೆಟ್ಟರೆ ಒರಿಜಿನಲ್ಲೂ ದಂಡ. ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಸ್ಲೈಡ್ ಪಿನ್ ಬಿಚ್ಚಿ ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿಸಿ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಜಾಮ್ ಆಗುತ್ತೆ. ಕ್ಯಾಲಿಪರನ್ನು ಹೋಸ್‌ನಲ್ಲಿ ನೇತಾಡಲು ಬಿಡಬಾರದು, ತಂತಿಯಿಂದ ಕಟ್ಟಬೇಕು. ಪಿಸ್ಟನ್ ಒಳಗೊತ್ತುವಾಗ ಡಬ್ಬಿಯಿಂದ ಬ್ರೇಕ್ ಆಯಿಲ್ ಉಕ್ಕದಂತೆ ಗಮನಿಸಿ, ಚೆಲ್ಲಿದರೆ ಪೇಂಟ್ ಏಳುತ್ತೆ. ಡಿಸ್ಕ್‌ನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತೆ, ಅಳೆದೇ ಮುಂದುವರಿಯಿರಿ. ಗಾಡಿ ತೆಗೆಯೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೆ ಪಂಪ್ ಮಾಡಲೇಬೇಕು.

ಆಮೇಲೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50ರಿಂದ 10 ಕಿ.ಮೀ. ವೇಗಕ್ಕೆ ಹದವಾಗಿ 8–10 ಸಲ ಇಳಿಸಿ, ನಡುವೆ ಸ್ವಲ್ಪ ಆರಲು ಬಿಡಿ. ಈಗ ಶಬ್ದವಿಲ್ಲ, ಗಾಡಿ ಯಾವ ಕಡೆಗೂ ಎಳೆಯುತ್ತಿಲ್ಲ.